ಗೆಳೆಯನಿಗೆ ಕಾರಿನ ಕೀ ಕೊಡುವ ಮುನ್ನ

ಮನುಷ್ಯನ ಪ್ರಾಮಾಣಿಕತೆಯು ಪರೀಕ್ಷೆಗೊಳಗಾಗುವುದು ದೊಡ್ಡ ದೊಡ್ಡ ಸಂದರ್ಭಗಳಲ್ಲಿ ಮಾತ್ರವೆಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ದಿನನಿತ್ಯದ ಸಣ್ಣಪುಟ್ಟ ವ್ಯವಹಾರಗಳಲ್ಲೇ ನಮ್ಮ ಸ್ನೇಹ, ನಮ್ಮ ವಿವೇಕ ಮತ್ತು ನಮ್ಮ ನಡತೆ ಹೆಚ್ಚಾಗಿ ಒರೆಗಲ್ಲಿಗೆ ಹತ್ತುತ್ತವೆ. ಮನೆಯ ಕಾರು ಕೆಟ್ಟು ನಿಂತಾಗ ಅದನ್ನು ಯಾರ ಕೈಗೆ ಒಪ್ಪಿಸಬೇಕು ಎಂಬುದು ಅಂತಹ ಒಂದು ಪ್ರಶ್ನೆ. ಗ್ಯಾರೇಜ್ ಇಟ್ಟುಕೊಂಡಿರುವ ಗೆಳೆಯನಿಗೆ ಕೊಡಬೇಕೇ? ಅಥವಾ ಸ್ಪ್ಯಾನರ್ ಹಿಡಿದು ನಾವೇ ದುರಸ್ತಿಗೆ ಇಳಿಯಬೇಕೇ? ಮೇಲ್ನೋಟಕ್ಕೆ ಇದು ಕೇವಲ ಖರ್ಚಿನ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಸ್ವಲ್ಪ ಯೋಚಿಸಿದರೆ ಇದರೊಳಗೆ ನಂಬಿಕೆ, ದಾಕ್ಷಿಣ್ಯ, ಕೂಲಿ, ಹೊಣೆಗಾರಿಕೆ ಮತ್ತು ಮನುಷ್ಯರ ಪ್ರಾಣ ಇವೆಲ್ಲವೂ ಅಡಗಿರುವುದು ತಿಳಿಯುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಯಜಮಾನನು ದುಬೈಯಲ್ಲೋ ದಮ್ಮಾಮ್‌ನಲ್ಲೋ ದುಡಿಯುತ್ತಿರುತ್ತಾನೆ. ಊರಿನಲ್ಲಿ ಪತ್ನಿ, ಮಕ್ಕಳು, ವೃದ್ಧ ತಾಯಿ. ಕಾರಿನ ಎಂಜಿನ್ ಬಿಸಿಯಾಗುತ್ತಿದೆ, ರೇಡಿಯೇಟರಿನ ನೀರು ಎಲ್ಲಿಯೂ ಸೋರದೆ ಇಳಿಯುತ್ತಿದೆ ಎಂದು ಮನೆಯಿಂದ ಫೋನ್ ಹೋಗುತ್ತದೆ. "ನನ್ನ ಗೆಳೆಯನ ಗ್ಯಾರೇಜಿಗೆ ಕಳುಹಿಸು, ಅವನು ನೋಡಿಕೊಳ್ಳುತ್ತಾನೆ" ಎಂಬ ಉತ್ತರ ಬರುತ್ತದೆ. ಕಾರು ಹೋಗುತ್ತದೆ. ಎರಡು ದಿನವೆಂದದ್ದು ಎರಡು ವಾರವಾಗುತ್ತದೆ. ಗಂಡನ ಗೆಳೆಯನಾದ್ದರಿಂದ ಕೇಳಲು ಆಕೆಗೆ ಸಂಕೋಚ. ಗೆಳೆಯನೇ ಆದ್ದರಿಂದ ಒತ್ತಾಯಿಸಲು ಈತನಿಗೆ ಸಂಕೋಚ. ಗೆಳೆಯನ ಗಾಡಿಯಾದ್ದರಿಂದ ನ್ಯಾಯವಾದ ಕೂಲಿ ಕೇಳಲು ಮೆಕ್ಯಾನಿಕನಿಗೂ ಸಂಕೋಚ. ಹೀಗಾಗಿ ಹಣ ಕೊಡುವ ಗಿರಾಕಿಗಳ ಗಾಡಿಗಳು ಮೊದಲು ಹೊರಡುತ್ತವೆ, ಗೆಳೆಯನ ಗಾಡಿ ಮೂಲೆಯಲ್ಲಿ ಧೂಳು ತಿನ್ನುತ್ತದೆ. ಮೂವರೂ ಒಳ್ಳೆಯವರೇ. ಯಾರೂ ಯಾರಿಗೂ ಮೋಸ ಮಾಡಬೇಕೆಂದುಕೊಂಡವರಲ್ಲ. ಆದರೂ ಕೊನೆಗೆ ಮೂವರ ಮನಸ್ಸೂ ಕಹಿಯಾಗುತ್ತದೆ. ಹೀಗಾಗುವುದೇಕೆ?

ಸ್ನೇಹದ ಮೇಲೆ ಸ್ನೇಹವು ಹೊರಲಾರದ ಹೊರೆಯನ್ನು ಹೇರಿದ್ದೇ ಇದಕ್ಕೆ ಕಾರಣ. ಮಾತಿನಿಂದ ಇತ್ಯರ್ಥವಾಗಬೇಕಾಗಿದ್ದುದನ್ನು ನಾವು ದಾಕ್ಷಿಣ್ಯಕ್ಕೆ ಬಿಟ್ಟೆವು.

ಎರಡು ಗುಣಗಳು

ಪವಿತ್ರ ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಮದ್‌ಯನ್‌ನ ವೃದ್ಧರೊಬ್ಬರ ಮಗಳು, ತಮ್ಮ ಕುರಿಗಳಿಗೆ ನೀರುಣಿಸಿಕೊಟ್ಟ ಪ್ರವಾದಿ ಮೂಸಾ(ಅ)ರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತೆ ತಂದೆಗೆ ಸಲಹೆ ನೀಡುತ್ತಾಳೆ (28:26). ಅದಕ್ಕೆ ಆಕೆ ಎರಡು ಗುಣಗಳನ್ನು ಕಾರಣವಾಗಿ ಮುಂದಿಡುತ್ತಾಳೆ. ಒಂದು ಸಾಮರ್ಥ್ಯ, ಇನ್ನೊಂದು ವಿಶ್ವಾಸಾರ್ಹತೆ. ಪ್ರವಾದಿ ಯೂಸುಫ್(ಅ)ರು ಈಜಿಪ್ಟಿನ ಭಂಡಾರಗಳ ಹೊಣೆಯನ್ನು ತನಗೆ ವಹಿಸಬೇಕೆಂದು ಕೇಳಿದಾಗಲೂ ತಾನು ಕಾಪಾಡಬಲ್ಲವನು ಮತ್ತು ವಿಷಯ ಬಲ್ಲವನು ಎಂಬ ಎರಡು ಅರ್ಹತೆಗಳನ್ನು ಜೊತೆಯಾಗಿ ಹೇಳಿದರು (12:55). ಎರಡು ಕಡೆಗಳಲ್ಲೂ ಒಂದೇ ಗುಣ ಸಾಕೆಂದು ಹೇಳಿಲ್ಲ ಎಂಬುದು ಗಮನಾರ್ಹ.

ನಾವು ಎಡವುವುದು ಇಲ್ಲಿಯೇ. ಇಪ್ಪತ್ತು ವರ್ಷಗಳ ಗೆಳೆತನವು ಒಬ್ಬನ ಪ್ರಾಮಾಣಿಕತೆಗೆ ಸಾಕ್ಷಿ ನುಡಿಯಬಲ್ಲದು. ಅವನು ಕಷ್ಟದಲ್ಲಿ ಜೊತೆಗಿದ್ದನು, ಸಾಲ ಹಿಂದಿರುಗಿಸಿದನು, ನಮ್ಮ ಗುಟ್ಟು ಕಾಪಾಡಿದನು. ಇವೆಲ್ಲ ನಿಜ. ಆದರೆ ಅವನಿಗೆ ಎಂಜಿನ್ ಬಿಚ್ಚಿ ಜೋಡಿಸಲು ಬರುತ್ತದೆ ಎಂಬುದಕ್ಕೆ ಇವಾವುವೂ ಸಾಕ್ಷಿಯಲ್ಲ. ಅದೇ ರೀತಿ ಕೈ ಪಳಗಿದ ಮೆಕ್ಯಾನಿಕನೊಬ್ಬನು ಬದಲಾಯಿಸದ ಭಾಗಕ್ಕೂ ಬಿಲ್ ಹಾಕುವವನಾಗಿದ್ದರೆ ಅವನ ಕೌಶಲವು ನಮ್ಮ ಉಪಯೋಗಕ್ಕೆ ಬಾರದು.

ದೊಡ್ಡ ದುರಸ್ತಿ ಎಂದರೇನೆಂಬುದನ್ನು ಮೇಲಿನ ಉದಾಹರಣೆಯಿಂದಲೇ ತಿಳಿಯಬಹುದು. ಎಂಜಿನ್ ಬಿಸಿಯಾಗಿ, ನೀರು ಕಾಣದಂತೆ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವಿದೆ. ಎಂಜಿನ್ನಿನ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ಇವೆರಡರ ನಡುವಿನ ತೆಳುವಾದ ಹಾಳೆಯೇ ಈ ಗ್ಯಾಸ್ಕೆಟ್. ಅದು ಬಿಟ್ಟುಕೊಟ್ಟಾಗ ನೀರು ಸಿಲಿಂಡರಿನೊಳಗೆ ಸೇರಿ ಸೈಲೆನ್ಸರಿನಿಂದ ಬಿಳಿ ಹೊಗೆ ಬರಬಹುದು. ಆಯಿಲಿನೊಂದಿಗೆ ಬೆರೆತು ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಬಹುದು. ಹಾಳೆಯನ್ನು ಬದಲಾಯಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅತಿಯಾಗಿ ಬಿಸಿಯಾದ ಅಲ್ಯೂಮಿನಿಯಮ್ ಹೆಡ್ ಸೊಟ್ಟಗಾಗಿರಬಹುದು. ಅದರ ಮೇಲೆ ನೇರವಾದ ಉಕ್ಕಿನ ಪಟ್ಟಿಯನ್ನಿಟ್ಟು, ಫೀಲರ್ ಗೇಜಿನಿಂದ ಸಂದು ಅಳೆಯಬೇಕು. ಸೊಟ್ಟಗಿದ್ದರೆ ವರ್ಕ್‌ಶಾಪಿಗೆ ಕೊಟ್ಟು ಮಟ್ಟ ಮಾಡಿಸಬೇಕು, ತೀರಾ ಕೆಟ್ಟಿದ್ದರೆ ಬೇರೆ ಹೆಡ್ಡನ್ನೇ ಹಾಕಬೇಕು. ಮತ್ತೆ ಕೂರಿಸುವಾಗ ಬೋಲ್ಟುಗಳನ್ನು ಸಾಮಾನ್ಯವಾಗಿ ನಡುವಿನಿಂದ ಅಂಚಿನ ಕಡೆಗೆ, ಕಂಪೆನಿ ಹೇಳಿದ ಕ್ರಮದಲ್ಲಿ, ಹಂತಹಂತವಾಗಿ, ಟಾರ್ಕ್ ವ್ರೆಂಚ್ ಹಿಡಿದು ಕಂಪೆನಿ ಹೇಳಿದ ಅಳತೆಗೇ ಬಿಗಿಯಬೇಕು.

ಈಗ ಯೋಚಿಸಿ. ಹೆಡ್ಡನ್ನು ಅಳೆಯದೆಯೇ ಹೊಸ ಹಾಳೆ ಹಾಕಿ ಮುಚ್ಚಿದರೂ ಗಾಡಿ ಅಂದು ಸ್ಟಾರ್ಟ್ ಆಗಬಹುದು. ಮಾಲಕನಿಗೆ ಏನೂ ತಿಳಿಯದು. ಕೆಲವು ತಿಂಗಳ ನಂತರ ಅದೇ ರೋಗ ಮರುಕಳಿಸಿದಾಗಲೂ ಕಾರಣವನ್ನು ಸಾಬೀತುಪಡಿಸಲು ಅವನಿಂದಾಗದು. ದುರಸ್ತಿಯ ಕೆಲಸವು ಒಂದು ಅಮಾನತಾಗುವುದು ಈ ಕಾರಣದಿಂದಲೇ. ಮಾಡಿದವನಿಗೆ ಮತ್ತು ಅಲ್ಲಾಹನಿಗೆ ಮಾತ್ರ ತಿಳಿದಿರುವ ಎಷ್ಟೋ ಸಂಗತಿಗಳು ಅದರೊಳಗೆ ಮುಚ್ಚಿಹೋಗುತ್ತವೆ.

ಹಿಜ್ರತ್‌ನ ಎರಡು ಒಂಟೆಗಳು

ಸ್ನೇಹ ಮತ್ತು ವ್ಯವಹಾರಗಳನ್ನು ಹೇಗೆ ನಿಭಾಯಿಸಬೇಕೆಂಬುದಕ್ಕೆ ಕ್ರಿ.ಶ. 622ರ ಹಿಜ್ರತ್ ಪ್ರಯಾಣದ ವಿವರಗಳಲ್ಲೇ ಸುಂದರ ಮಾದರಿಯಿದೆ. ಸಹೀಹ್ ಬುಖಾರಿಯಲ್ಲಿ ಹ. ಆಯಿಶಾ(ರ)ರಿಂದ ಈ ವೃತ್ತಾಂತ ವರದಿಯಾಗಿದೆ. ಹ. ಅಬೂಬಕರ್(ರ)ರು ಈ ಪ್ರಯಾಣಕ್ಕಾಗಿಯೇ ಎರಡು ಒಂಟೆಗಳಿಗೆ ನಾಲ್ಕು ತಿಂಗಳು ಎಲೆಗಳನ್ನು ತಿನ್ನಿಸಿ ಸಿದ್ಧಪಡಿಸಿದ್ದರು. ಹೊರಡುವ ಸಮಯ ಬಂದಾಗ ಅವುಗಳಲ್ಲಿ ಒಂದನ್ನು ಸ್ವೀಕರಿಸಬೇಕೆಂದು ಪ್ರವಾದಿ(ಸ)ಯವರಲ್ಲಿ ವಿನಂತಿಸಿದರು. ಪ್ರವಾದಿ(ಸ)ಯವರು ಒಪ್ಪಿದರು, ಆದರೆ ಅದರ ಬೆಲೆ ಕೊಟ್ಟೇ ಪಡೆಯುವುದೆಂಬ ಷರತ್ತಿನೊಂದಿಗೆ.

ಅವರಿಬ್ಬರ ಗೆಳೆತನಕ್ಕಿಂತ ಗಾಢವಾದ ಗೆಳೆತನ ಯಾವುದಿದೆ? ಬೆಲೆಯ ಮಾತು ಬಂದುದರಿಂದ ಆ ಗೆಳೆತನಕ್ಕೆ ಕಿಂಚಿತ್ತೂ ಧಕ್ಕೆಯಾಗಲಿಲ್ಲ. ಹೀಗಿರುವಾಗ ಗೆಳೆಯನ ಮುಂದೆ ಕೂಲಿಯ ಮಾತೆತ್ತಿದರೆ ಗೆಳೆತನಕ್ಕೆ ಅವಮಾನವೆಂದು ನಾವು ಭಾವಿಸುವುದೇಕೆ?

ಇನ್ನೊಂದು ಸಂಗತಿಯೂ ಅದರಲ್ಲಿದೆ. ದಾರಿ ತೋರಿಸಲು ಬನೂ ದೀಲ್ ಗೋತ್ರದ, ದಾರಿ ತೋರಿಸುವುದರಲ್ಲಿ ನಿಪುಣನಾದ ಒಬ್ಬನನ್ನು ಅವರು ಕೂಲಿಗೆ ಗೊತ್ತುಪಡಿಸಿದರು. ಅವನು ಆಗಿನ್ನೂ ಕುರೈಶರ ಧರ್ಮದಲ್ಲೇ ಇದ್ದವನು. ಆದರೂ ಅವರು ಅವನನ್ನು ನಂಬಿದರು, ಎರಡೂ ಒಂಟೆಗಳನ್ನು ಅವನ ವಶಕ್ಕೆ ಕೊಟ್ಟರು, ಮೂರು ರಾತ್ರಿಗಳ ಬಳಿಕ ಸೌರ್ ಗುಹೆಯ ಬಳಿಗೆ ಬರಬೇಕೆಂದು ಹೇಳಿದರು. ಅವನು ಹೇಳಿದ ಹೊತ್ತಿಗೆ ಒಂಟೆಗಳೊಂದಿಗೆ ಬಂದನು. ಕುರೈಶರು ಬಹುಮಾನ ಸಾರಿ ಹುಡುಕುತ್ತಿದ್ದ ದಿನಗಳವು. ಅತ್ಯಂತ ಪ್ರಿಯ ಗೆಳೆಯರು ಜೊತೆಯಲ್ಲೇ ಇದ್ದರು. ಆದರೂ ದಾರಿ ತೋರಿಸುವ ಕೆಲಸವನ್ನು ದಾರಿ ಬಲ್ಲವನಿಗೇ ವಹಿಸಲಾಯಿತು. ಬೆಲೆ ನಿಗದಿ, ಕೆಲಸ ಬಲ್ಲವನ ಆಯ್ಕೆ, ನಂಬಿಕೆ, ಸ್ಥಳ ಮತ್ತು ಸಮಯದ ಸ್ಪಷ್ಟತೆ ಈ ನಾಲ್ಕೂ ಆ ಒಂದು ಪ್ರಯಾಣದಲ್ಲಿ ಕೂಡಿ ಬಂದಿವೆ. ವಾಹನವನ್ನು ಇನ್ನೊಬ್ಬರ ಕೈಗೆ ಕೊಡುವವನಿಗೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ.

ತಾನೇ ಮಾಡಿಕೊಳ್ಳುವವನು

ಹಾಗಾದರೆ ಯಾರ ಹಂಗೂ ಬೇಡ, ನಮ್ಮ ಗಾಡಿಯನ್ನು ನಾವೇ ದುರಸ್ತಿ ಮಾಡಿಕೊಳ್ಳೋಣ ಎಂದು ಕೆಲವರು ಹೇಳಬಹುದು. ಈ ಮನೋಭಾವದಲ್ಲಿ ಒಳ್ಳೆಯ ಅಂಶವಿದೆ. ಕೈ ಕೆಸರಾದರೆ ಬಾಯಿ ಮೊಸರು ಎಂಬುದು ನಮ್ಮ ಹಿರಿಯರ ಮಾತು. ಪ್ರವಾದಿ(ಸ)ಯವರು ತಮ್ಮ ಪಾದರಕ್ಷೆಯನ್ನು ತಾವೇ ಸರಿಪಡಿಸುತ್ತಿದ್ದರು, ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು ಎಂದು ಹ. ಆಯಿಶಾ(ರ)ರು ತಿಳಿಸಿದ್ದಾರೆ. ದೈಹಿಕ ಶ್ರಮವನ್ನು ಕೀಳಾಗಿ ಕಾಣುವವರಿಗೆ ಇದರಲ್ಲಿ ಪಾಠವಿದೆ. ಆದರೆ ಅದೇ ಪ್ರವಾದಿ(ಸ)ಯವರು ರಕ್ತ ತೆಗೆಸಿಕೊಳ್ಳುವ ಚಿಕಿತ್ಸೆ ಬೇಕಾದಾಗ ಆ ಕಸುಬು ಬಲ್ಲ ಅಬೂ ತೈಬಾ ಎಂಬವರನ್ನು ಕರೆಸಿದರು, ಅವರಿಗೆ ಪ್ರತಿಫಲವನ್ನೂ ಕೊಡಿಸಿದರು. ಪಾದರಕ್ಷೆಯ ಹೊಲಿಗೆ ತಪ್ಪಿದರೆ ಮತ್ತೊಮ್ಮೆ ಹೊಲಿಯಬಹುದು. ಶರೀರದ ವಿಷಯ ಹಾಗಲ್ಲ.

ಕಾರಿನ ಕೆಲಸಗಳನ್ನೂ ಇದೇ ರೀತಿ ಬೇರ್ಪಡಿಸಬಹುದು. ಟಯರಿನ ಗಾಳಿ, ಆಯಿಲಿನ ಮಟ್ಟ ನೋಡುವುದು, ಎಂಜಿನ್ ತಣ್ಣಗಿರುವಾಗ ಕೂಲೆಂಟ್ ತುಂಬಿಸುವುದು, ಬ್ಯಾಟರಿಯ ತುದಿಗಳನ್ನು ಶುಚಿಗೊಳಿಸುವುದು, ಏರ್ ಫಿಲ್ಟರ್ ಮತ್ತು ವೈಪರ್ ಬದಲಾಯಿಸುವುದು, ಪಂಕ್ಚರ್ ಆದಾಗ ಸ್ಟೆಪ್ನಿ ಹಾಕುವುದು ಇವನ್ನು ಮನೆಯ ಪ್ರತಿಯೊಬ್ಬ ವಯಸ್ಕರೂ, ಮಹಿಳೆಯರೂ ಕಲಿತಿರುವುದು ಒಳ್ಳೆಯದು. ಇವುಗಳಲ್ಲಿ ಸಾಮಾನ್ಯ ತಪ್ಪಾದರೆ ಹೆಚ್ಚೆಂದರೆ ಗಾಡಿ ಅಂಗಳದಲ್ಲಿ ಸ್ಟಾರ್ಟ್ ಆಗದೆ ನಿಲ್ಲಬಹುದು. ಸ್ಟೆಪ್ನಿಯ ನಟ್ಟುಗಳನ್ನು ಮಾತ್ರ ಸರಿಯಾಗಿ ಬಿಗಿದಿರುವುದನ್ನು ಎರಡೆರಡು ಬಾರಿ ನೋಡಬೇಕು. ಆದರೆ ಬ್ರೇಕ್, ಸ್ಟೇರಿಂಗ್, ಸಸ್ಪೆನ್ಶನ್, ಇಂಧನದ ಪೈಪು, ಏರ್‌ಬ್ಯಾಗ್ ಇವುಗಳಲ್ಲಿ ತಪ್ಪಾದರೆ ಗಾಡಿ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ, ಅಥವಾ ಮಾಡಲು ಹೋದವನ ಪ್ರಾಣಕ್ಕೇ ಕುತ್ತು ಬರುತ್ತದೆ. ಸಸ್ಪೆನ್ಶನ್ನಿನ ಸ್ಪ್ರಿಂಗ್ ಒತ್ತಡದಲ್ಲಿರುತ್ತದೆ. ತಕ್ಕ ಸಾಧನವಿಲ್ಲದೆ ಬಿಚ್ಚಿದರೆ ಸಿಡಿಯುತ್ತದೆ. ಬರಿಯ ಜಾಕ್‌ನ ಮೇಲೆ ನಿಂತ ಕಾರಿನ ಅಡಿಗೆ ನುಗ್ಗುವುದಂತೂ ಸಾವನ್ನು ಕರೆದಂತೆ. ಜಾಕ್ ಇರುವುದು ಎತ್ತಲಿಕ್ಕೆ, ಎತ್ತಿದ್ದನ್ನು ಹಿಡಿದಿಡಲು ಬೇರೆ ಸ್ಟ್ಯಾಂಡ್ ಬೇಕು.

ಬ್ರೇಕಿನ ವಿಷಯವನ್ನೇ ನೋಡಿ. ನಾವು ಬ್ರೇಕ್ ಆಯಿಲ್ ಎನ್ನುವ ದ್ರವವು ಗಾಳಿಯ ತೇವಾಂಶವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ದ್ರವವು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಸಕಲೇಶಪುರದ ಕಡೆಯಿಂದ ಶಿರಾಡಿ ಘಾಟಿ ಇಳಿಯುವಾಗ ಪದೇಪದೇ ಬ್ರೇಕ್ ಒತ್ತಿದರೆ ಅದು ಬಿಸಿಯಾಗುತ್ತದೆ. ದ್ರವ ಕುದಿದು ಆವಿಯಾದರೆ, ಅಥವಾ ದುರಸ್ತಿಯ ವೇಳೆ ಪೈಪಿನೊಳಗೆ ಗಾಳಿ ಉಳಿದಿದ್ದರೆ, ಪೆಡಲ್ ಒತ್ತಿದಷ್ಟೂ ಕೆಳಗಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಆಗ ಕಾರಿನಲ್ಲಿರುವವರು ಮಾತ್ರವಲ್ಲ, ಎದುರಿನ ಬಸ್ಸಿನವರೂ ರಸ್ತೆ ಬದಿಯ ಪಾದಚಾರಿಗಳೂ ಅಪಾಯಕ್ಕೆ ಸಿಲುಕುತ್ತಾರೆ. ಆದ್ದರಿಂದ "ನನ್ನ ಕಾರು, ನನ್ನಿಷ್ಟ" ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ. ಕಾರು ನಮ್ಮದಿರಬಹುದು, ರಸ್ತೆಯಲ್ಲಿರುವ ಪ್ರಾಣಗಳು ನಮ್ಮವಲ್ಲ.

ವೈದ್ಯ ತಿಳಿಯದೆಯೇ ಚಿಕಿತ್ಸೆ ಮಾಡಿದವನು ಅದರ ಹಾನಿಗೆ ಹೊಣೆಗಾರನೆಂಬ ಆಶಯದ ಹದೀಸ್ ಅಬೂದಾವೂದ್ ಸಂಗ್ರಹದಲ್ಲಿದೆ. ಉದ್ದೇಶ ಒಳ್ಳೆಯದಿತ್ತೆಂಬ ಕಾರಣಕ್ಕೆ ಹೊಣೆ ತಪ್ಪುವುದಿಲ್ಲ. ಈ ನಿಯಮವು ಗೆಳೆಯನಿಗೆ ಎಷ್ಟು ಅನ್ವಯಿಸುತ್ತದೋ ಸ್ವತಃ ಸ್ಪ್ಯಾನರ್ ಹಿಡಿದ ಮಾಲಕನಿಗೂ ಅಷ್ಟೇ ಅನ್ವಯಿಸುತ್ತದೆ. ನಾವು ನಮ್ಮ ಬಗ್ಗೆ ಪ್ರಾಮಾಣಿಕರೆಂಬುದರಲ್ಲಿ ಸಂಶಯವಿಲ್ಲ. ನಮ್ಮನ್ನು ನಾವೇ ಏಕೆ ವಂಚಿಸುತ್ತೇವೆ? ಆದರೆ ಸಾಮರ್ಥ್ಯದ ಪ್ರಶ್ನೆಯನ್ನು ನಾವು ಗೆಳೆಯನಿಗೂ ಕೇಳುವುದಿಲ್ಲ, ನಮಗೂ ಕೇಳಿಕೊಳ್ಳುವುದಿಲ್ಲ.

ತಾನೇ ಮಾಡುತ್ತೇನೆಂದು ಹೊರಡುವವನು ತನ್ನ ನಿಯ್ಯತ್ತನ್ನೂ ಒಮ್ಮೆ ಪರಿಶೀಲಿಸಬೇಕು. ಕಲಿಯುವ ಆಸಕ್ತಿಯೇ, ದುಂದುವೆಚ್ಚ ತಪ್ಪಿಸುವ ಉದ್ದೇಶವೇ? ಹಾಗಿದ್ದರೆ ಅದು ಸ್ತುತ್ಯರ್ಹ. ಅಥವಾ ಲೋಕದಲ್ಲಿ ಎಲ್ಲರೂ ಕಳ್ಳರು ಎಂಬ ಗುಮಾನಿಯೇ? ಗುಮಾನಿಯಿಂದ ದೂರವಿರಬೇಕೆಂದು ಕುರ್‌ಆನ್ ಎಚ್ಚರಿಸಿದೆ (49:12). ಬಲ್ಲವನಿಗೆ ಕೊಡಬೇಕಾದ ಕೂಲಿಯನ್ನು ಉಳಿಸುವ ಜಿಪುಣತನಕ್ಕಾಗಿ ಹೆಂಡತಿ ಮಕ್ಕಳ ಪ್ರಾಣವನ್ನು ಪಣಕ್ಕಿಡುವುದು ಮಿತವ್ಯಯವೆನಿಸದು.

ದಾಕ್ಷಿಣ್ಯಕ್ಕೆ ಮೊದಲು ಮಾತು

ಹಾಗಾದರೆ ಗೆಳೆಯನಿಗೆ ಕೊಡಲೇಬಾರದೇ? ಖಂಡಿತ ಕೊಡಬಹುದು. ಅವನು ಕೆಲಸ ಬಲ್ಲವನಾಗಿದ್ದರೆ ಅವನಿಗೇ ಕೊಡುವುದು ಹೆಚ್ಚು ಒಳಿತು. ಅಪರಿಚಿತನ ಗ್ಯಾರೇಜಿನಲ್ಲಿ ಬೇಡದ ಭಾಗವನ್ನು ಬದಲಾಯಿಸುವ ಭಯವಿರುವಾಗ, ನಂಬಿಕಸ್ತ ಗೆಳೆಯನು ಅಲ್ಲಾಹನ ಅನುಗ್ರಹವೇ ಸರಿ. ಆದರೆ ಕೀ ಕೊಡುವ ಮುನ್ನ ಕೆಲವು ಮಾತುಗಳು ನಡೆಯಬೇಕು. ಈ ಕೆಲಸವನ್ನು ಮೊದಲು ಮಾಡಿದ್ದೀಯಾ? ಬೇಕಾದ ಉಪಕರಣಗಳಿವೆಯೇ? 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲಿನ ಕಾರುಗಳಲ್ಲಿ ಅನೇಕ ದೋಷಗಳನ್ನು ತಿಳಿಯಲು ಸ್ಕ್ಯಾನರ್ ಬೇಕಾಗುತ್ತದೆ; ಹಳೆಯ ಗಾಡಿಗಳಲ್ಲಿ ಕೈ ಪಳಗಿದವನಿಗೆ ಅದು ಹೊಸದಿರಬಹುದು. ಹೀಗೆ ಕೇಳುವುದು ಅಪನಂಬಿಕೆಯಲ್ಲ. ಕೇಳದೆ ಕೊಟ್ಟು, ಕೆಟ್ಟ ಮೇಲೆ ಊರೆಲ್ಲ ಹೇಳಿಕೊಂಡು ತಿರುಗುವುದೇ ಗೆಳೆಯನಿಗೆ ಮಾಡುವ ಅನ್ಯಾಯ.

ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದೆಂದು ಬಲ್ಲಿರಾ? ಅದು ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಇರುವ ಸೂಕ್ತ (2:282). ವ್ಯವಹಾರ ಸಣ್ಣದಿರಲಿ ದೊಡ್ಡದಿರಲಿ ಬರೆದಿಡಲು ಬೇಸರಿಸಬಾರದೆಂದೂ ಅದರಿಂದ ಸಂಶಯಗಳು ದೂರವಾಗುತ್ತವೆಂದೂ ಅದರ ಬೋಧನೆ. ಸಾಲದ ಬಗ್ಗೆ ಇರುವ ಈ ವಿವೇಕವು ದುರಸ್ತಿಗೂ ಒಪ್ಪುತ್ತದೆ. ಒಂದು ಚೀಟಿ ಸಾಕು. ಯಾವ ಕೆಲಸ, ಕಂಪೆನಿಯ ಬಿಡಿಭಾಗವೇ ಬೇರೆಯದೇ, ಅಂದಾಜು ಖರ್ಚೆಷ್ಟು, ಅದಕ್ಕಿಂತ ಹೆಚ್ಚಾದರೆ ಯಾರಿಗೆ ಫೋನ್ ಮಾಡಿ ಕೇಳಬೇಕು, ಕೂಲಿ ಎಷ್ಟು, ಗಾಡಿ ಎಂದು ಸಿಗುತ್ತದೆ. ಯಜಮಾನ ಪರದೇಶದಲ್ಲಿದ್ದರೆ ಆ ಚೀಟಿಯ ಮಾತು ಮನೆಯಲ್ಲಿರುವ ಪತ್ನಿಗೂ ತಿಳಿದಿರಬೇಕು, ಕೇಳುವ ಅಧಿಕಾರವನ್ನು ಆಕೆಗೆ ಎಲ್ಲರೆದುರು ಕೊಟ್ಟಿರಬೇಕು. ಆ ಕಾರಿನಲ್ಲಿ ಮಕ್ಕಳನ್ನು ಕುಳ್ಳಿರಿಸಿಕೊಂಡು ಹೋಗುವವಳು ಆಕೆಯೇ ತಾನೇ?

ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವವರು ಇನ್ನೊಂದು ವಿಷಯವನ್ನೂ ತಿಳಿದಿರಬೇಕು. ನಮ್ಮ ದೇಶದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಉಚಿತವಾಗಿ ನೀಡಿದ ಸೇವೆಯನ್ನು ಸೇವೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಗೆಳೆಯನ ಮೇಲೆ ದೂರು ಕೊಡಬೇಕೆಂದು ಇದನ್ನು ಹೇಳುತ್ತಿಲ್ಲ. ಕೂಲಿ ಕೊಟ್ಟಾಗ ಕೇಳುವ ಹಕ್ಕೂ, ಕೂಲಿ ಪಡೆದಾಗ ಉತ್ತರಿಸುವ ಹೊಣೆಯೂ ಹುಟ್ಟುತ್ತವೆ ಎಂಬುದನ್ನು ಲೋಕದ ಕಾನೂನೂ ಗುರುತಿಸಿದೆ ಎಂಬುದಷ್ಟೇ ಇದರ ತಾತ್ಪರ್ಯ. ದುಡಿದವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ ಬೋಧನೆಯಲ್ಲಿ ದುಡಿದವನು ಗೆಳೆಯನಾಗಿದ್ದರೆ ಕೊಡಬೇಕಾಗಿಲ್ಲ ಎಂಬ ರಿಯಾಯಿತಿಯಿಲ್ಲ. ಅವನು ಮನಸಾರೆ ಬಿಟ್ಟುಕೊಟ್ಟರೆ ಅದು ಅವನ ಔದಾರ್ಯ. ಕೇಳದಂತೆ ಮಾಡುವುದು ನಮ್ಮ ಔದಾರ್ಯವಾಗದು.

ಮೆಕ್ಯಾನಿಕನಾದ ಗೆಳೆಯನಿಗೂ ಹೊಣೆಯಿದೆ. ತನಗೆ ಬಾರದ ಕೆಲಸವನ್ನು "ಇದು ನನ್ನಿಂದಾಗದು, ಇಂಥವನಲ್ಲಿಗೆ ಹೋಗು" ಎನ್ನುವುದು ಸ್ನೇಹದ ಅತಿ ದೊಡ್ಡ ಸೇವೆ. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಾಗಿರುವುದನ್ನು ಕಂಡ ಪ್ರವಾದಿ(ಸ)ಯವರು, ಜನರಿಗೆ ಕಾಣುವಂತೆ ಒದ್ದೆ ಧಾನ್ಯವನ್ನು ಮೇಲೇಕೆ ಇಡಲಿಲ್ಲವೆಂದು ವ್ಯಾಪಾರಿಯನ್ನು ಪ್ರಶ್ನಿಸಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ತೆಗೆದ ಹಳೆಯ ಭಾಗವನ್ನು ಮಾಲಕನಿಗೆ ತೋರಿಸುವುದು, ಬಿಡಿಭಾಗದ ಅಸಲು ಬಿಲ್ಲನ್ನೇ ಕೊಡುವುದು, ಕೆಲಸದಲ್ಲಿ ಏನಾದರೂ ಮುರಿದಿದ್ದರೆ ಅದನ್ನು ಮುಚ್ಚಿಡದೆ ಹೇಳುವುದು ಇವೆಲ್ಲ ಒದ್ದೆ ಧಾನ್ಯವನ್ನು ಮೇಲಿಡುವ ಕ್ರಮಗಳೇ.

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಕೆಲಸ ಕೆಡಬಹುದು. ಆಗ ಪ್ರಾಮಾಣಿಕ ತಪ್ಪು ಯಾವುದು, ಅಲಕ್ಷ್ಯ ಯಾವುದು ಎಂಬುದನ್ನು ಬೇರ್ಪಡಿಸಿ ನೋಡಬೇಕು. ಅವನಿಗೇ ಮೊದಲು ತಿಳಿಸಬೇಕು, ಸರಿಪಡಿಸಲು ಅವಕಾಶ ಕೊಡಬೇಕು. ನಮಗಾದ ಹಣದ ನಷ್ಟವನ್ನು ನಾವು ಮನ್ನಿಸಬಹುದು, ಅದು ಪುಣ್ಯದ ಕೆಲಸ. ಆದರೆ ಬ್ರೇಕ್ ಸರಿಯಿಲ್ಲವೆಂದು ತಿಳಿದೂ ಗೆಳೆಯನಿಗೆ ಬೇಸರವಾದೀತೆಂದು ಸುಮ್ಮನೆ ಗಾಡಿ ಓಡಿಸುವುದು ಕ್ಷಮೆಯಲ್ಲ. ಇತರರ ಪ್ರಾಣದ ಪರವಾಗಿ ಕ್ಷಮಿಸುವ ಹಕ್ಕನ್ನು ನಮಗೆ ಯಾರೂ ಕೊಟ್ಟಿಲ್ಲ.

ಇಷ್ಟೊಂದು ಲೆಕ್ಕಾಚಾರ ಏಕೆ, ಅಲ್ಲಾಹನ ಮೇಲೆ ಭರವಸೆಯಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಒಂಟೆಯನ್ನು ಕಟ್ಟಿಹಾಕಿ ಭರವಸೆಯಿಡಲೇ, ಬಿಟ್ಟು ಭರವಸೆಯಿಡಲೇ ಎಂದು ಕೇಳಿದವನಿಗೆ ಕಟ್ಟಿಹಾಕಿ ಭರವಸೆಯಿಡು ಎಂಬ ಉತ್ತರ ದೊರೆತುದನ್ನು ತಿರ್ಮಿದಿಯಲ್ಲಿ ಓದುತ್ತೇವೆ. ಬಲ್ಲವನನ್ನು ಆರಿಸುವುದು, ಮಾತನ್ನು ಸ್ಪಷ್ಟಪಡಿಸುವುದು, ಕೂಲಿ ಕೊಡುವುದು, ಕೆಲಸ ಮುಗಿದ ಮೇಲೆ ಘಾಟಿಗೆ ಇಳಿಸುವ ಮೊದಲು ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಬ್ರೇಕ್ ಪರೀಕ್ಷಿಸುವುದು ಇವೆಲ್ಲ ಒಂಟೆಯನ್ನು ಕಟ್ಟುವ ಹಗ್ಗಗಳು.

ಆದ್ದರಿಂದ ಗೆಳೆಯನೋ ತಾನೋ ಎಂಬ ಪ್ರಶ್ನೆಗೆ ಎಲ್ಲರಿಗೂ ಅನ್ವಯಿಸುವ ಒಂದೇ ಉತ್ತರವಿಲ್ಲ. ಯಾರೇ ಮಾಡಲಿ, ಅವನಲ್ಲಿ ಪ್ರಾಮಾಣಿಕತೆ ಮತ್ತು ಸಾಮರ್ಥ್ಯ ಎರಡೂ ಇವೆಯೇ ಎಂಬುದನ್ನು ನೋಡಬೇಕು. ಗೆಳೆಯನಲ್ಲಿ ಎರಡೂ ಇದ್ದರೆ ಕೂಲಿ ಗೊತ್ತುಪಡಿಸಿ ನಿಶ್ಚಿಂತೆಯಿಂದ ಅವನಿಗೊಪ್ಪಿಸಿ; ಸಾಧ್ಯವಾದರೆ ಪಕ್ಕದಲ್ಲಿ ನಿಂತು ಅವನಿಂದ ನಾಲ್ಕು ವಿಷಯ ಕಲಿತುಕೊಳ್ಳಿ. ಕೆಲಸ ಬಾರದವನಾಗಿದ್ದರೆ ಅವನನ್ನು ಗೆಳೆಯನಾಗಿ ಉಳಿಸಿಕೊಂಡು, ಗಾಡಿಯನ್ನು ಬಲ್ಲವನಿಗೆ ಕೊಡಿ. ಹಾಗೆ ಮಾಡಿದರೆ ರಸ್ತೆಯಲ್ಲಿ ಜೀವಗಳೂ ಸುರಕ್ಷಿತವಾಗಿರುತ್ತವೆ, ಮನೆಗೆ ಬಂದ ಗೆಳೆಯನಿಗೆ ಚಹಾ ಕೊಡುವಾಗ ಯಾರ ಮನಸ್ಸಿನಲ್ಲೂ ಹೇಳಲಾಗದ ಮಾತು ಉಳಿಯುವುದಿಲ್ಲ.